‘ಟ್ಯಾಂಕ್ ಕ್ಲೀನರ್’ ಮೀನು ನಿಜಕ್ಕೂ ಅಕ್ವೇರಿಯಂ ಕ್ಲೀನ್ ಮಾಡುತ್ತದೆಯೇ? ಕ್ಯಾಟ್‌ಫಿಶ್ ಸಾಕುವವರು ಹೇಳುವುದೇ ಬೇರೆ

ಅಕ್ವೇರಿಯಂ ಅಂಗಡಿಗೆ ಹೋದವರಲ್ಲಿ ಈ ಮಾತು ಕೇಳದವರು ಕಡಿಮೆ. “ಸಾರ್, ಜೊತೆಗೆ ಇದೊಂದು ಸಕ್ಕರ್ ಹಾಕ್ಬಿಡಿ. ಗಾಜಿಗೆ ಅಂಟ್ಕೊಂಡು ಎಲ್ಲಾ ಕ್ಲೀನ್ ಮಾಡುತ್ತೆ. ನೀರು ಬದಲಾಯಿಸೋ ತಲೆನೋವೇ ಇರಲ್ಲ.” ಬೆರಳುದ್ದದ, ಕಂದು ಚುಕ್ಕಿಗಳ ಪುಟ್ಟ ಮರಿ. ಬೆಲೆಯೂ ಕಡಿಮೆ. ಮಕ್ಕಳಿಗೂ ಖುಷಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿಕೊಂಡು ಮನೆಗೆ ತರುತ್ತೇವೆ.

ಇನ್ನೊಂದು ಕಡೆ, ವಾಟ್ಸಾಪ್‌ನಲ್ಲಿ ಆಗಾಗ ಒಂದು ಫೋಟೊ ಸುತ್ತುತ್ತಿರುತ್ತದೆ. ಮೈತುಂಬ ಗಟ್ಟಿ ಕವಚ, ಹೊಟ್ಟೆಯ ಕಡೆಗೆ ಬಾಯಿ, ಒಂದೂವರೆ ಅಡಿ ಉದ್ದದ ವಿಚಿತ್ರ ಮೀನು. ಕೆಳಗೆ ಒಂದು ಸಾಲು: “ಕೆರೆಯಲ್ಲಿ ಸಿಕ್ಕ ರಾಕ್ಷಸ ಮೀನು! ಭಯಂಕರ ವಿಷ! ಎಲ್ಲರಿಗೂ ಕಳಿಸಿ.”

ಆ ಮರಿ ಮತ್ತು ಈ ರಾಕ್ಷಸ, ಎರಡೂ ಸಾಮಾನ್ಯವಾಗಿ ಒಂದೇ ಮೀನು. ಅಂಗಡಿಯಿಂದ ಮನೆಗೆ ಬಂದು, ಮನೆಯಲ್ಲಿ ಜಾಗ ಸಾಲದಷ್ಟು ಬೆಳೆದು, ಕೊನೆಗೆ ಕೆರೆ ಸೇರಿದ ಕ್ಯಾಟ್‌ಫಿಶ್ ಅದು.

ಹಾಗಾದರೆ ಈ ಮೀನಿನ ಬಗ್ಗೆ ಸರಿಯಾಗಿ ಗೊತ್ತಿರುವವರು ಯಾರು? ವಿಜ್ಞಾನಿಗಳಿದ್ದಾರೆ, ನಿಜ. ಅವರ ಜೊತೆಗೆ ಇನ್ನೊಂದು ದೊಡ್ಡ ಬಳಗವೂ ಇದೆ. ಜರ್ಮನಿ, ಬ್ರಿಟನ್, ಅಮೆರಿಕ, ಬ್ರೆಜಿಲ್, ಜಪಾನ್, ಇಂಡೋನೇಷ್ಯಾ, ಭಾರತ ಹೀಗೆ ಜಗತ್ತಿನ ತುಂಬ ಹರಡಿರುವ ಕ್ಯಾಟ್‌ಫಿಶ್ ಹವ್ಯಾಸಿಗಳ ಬಳಗ. ಹಗಲು ಬೇರೆ ಕೆಲಸ ಮಾಡಿ, ರಾತ್ರಿ ಟಾರ್ಚ್ ಹಿಡಿದು ತೊಟ್ಟಿಯ ಮುಂದೆ ಕೂರುವ ಜನ ಇವರು. ಇವರು ಏನು ಕಂಡುಕೊಂಡಿದ್ದಾರೆ ಎಂದು ತಿಳಿದರೆ, ಮೇಲಿನ ಎರಡು ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದು ತಾನಾಗಿ ಗೊತ್ತಾಗುತ್ತದೆ. ಬನ್ನಿ, ನೋಡೋಣ.

ಕ್ಯಾಟ್‌ಫಿಶ್ ಅಂದರೆ ಒಂದೇ ಮೀನಲ್ಲ

ಬಾಯಿಯ ಸುತ್ತ ಬೆಕ್ಕಿನ ಹಾಗೆ ಮೀಸೆ ಇರುವುದರಿಂದ ಇವಕ್ಕೆ ಈ ಹೆಸರು. ಜಗತ್ತಿನಲ್ಲಿ 3,000ಕ್ಕೂ ಹೆಚ್ಚು ಜಾತಿಯ ಕ್ಯಾಟ್‌ಫಿಶ್‌ಗಳಿವೆ. ನಮ್ಮ ನದಿ-ಕೆರೆಗಳ ಬಾಳೆ ಮೀನು, ಚೇಳು ಮೀನು, ಮುರುಗೋಡು ಕೂಡ ಇದೇ ಬಳಗಕ್ಕೆ ಸೇರಿದವು. ಇವುಗಳ ಮೈಮೇಲೆ ಬೇರೆ ಮೀನುಗಳ ಹಾಗೆ ಹುರುಪೆ ಇರುವುದಿಲ್ಲ. ರುಚಿ ನೋಡುವ ಮೊಗ್ಗುಗಳು ನಾಲಿಗೆಯಲ್ಲಷ್ಟೇ ಅಲ್ಲ, ಮೀಸೆಯ ಮೇಲೂ, ಎಷ್ಟೋ ಜಾತಿಗಳಲ್ಲಿ ಮೈತುಂಬವೂ ಇರುತ್ತವೆ. ಕತ್ತಲಲ್ಲಿ, ಕೆಸರಿನಲ್ಲಿ ಕಣ್ಣು ಕಾಣದಿದ್ದರೂ ಊಟ ಹುಡುಕುವುದು ಹೀಗೆ.

ಅಂಗಡಿಯವರು ‘ಸಕ್ಕರ್’ ಎನ್ನುವುದು ಇವುಗಳಲ್ಲಿ ಒಂದು ಕುಟುಂಬವನ್ನು. ಅದರ ಹೆಸರು ಲೋರಿಕಾರಿಡೆ. ಹುರುಪೆಯ ಬದಲು ಮೂಳೆಯ ಫಲಕಗಳು, ಕಲ್ಲಿಗೆ ಅಂಟಿಕೊಳ್ಳುವ ಬಾಯಿ. ಹವ್ಯಾಸಿಗಳು ಇವನ್ನು ಪ್ರೀತಿಯಿಂದ ‘ಪ್ಲೆಕೊ’ ಎನ್ನುತ್ತಾರೆ. ದಕ್ಷಿಣ ಅಮೆರಿಕ ಮತ್ತು ಅದಕ್ಕೆ ಅಂಟಿದ ಪನಾಮಾ, ಕೋಸ್ಟರಿಕಾ ಬಿಟ್ಟರೆ ಇವು ಬೇರೆಲ್ಲೂ ಸಹಜವಾಗಿ ಇರಲಿಲ್ಲ. ಆದರೆ ಈ ಒಂದೇ ಕುಟುಂಬದಲ್ಲಿ ಒಂದು ಸಾವಿರ ದಾಟಿದ ಜಾತಿಗಳಿವೆ. ಒಂದು 4 ಸೆಂ.ಮೀ. ದಾಟುವುದಿಲ್ಲ, ಇನ್ನೊಂದು ಮೊಳ ಮೀರಿ ಬೆಳೆಯುತ್ತದೆ. ಒಂದು ಪಾಚಿ ತಿನ್ನುತ್ತದೆ, ಇನ್ನೊಂದು ಹುಳ-ಹುಪ್ಪಟೆ ತಿನ್ನುತ್ತದೆ, ಮತ್ತೊಂದು ಮರ ಕೆರೆಯುತ್ತಾ ಕೂರುತ್ತದೆ.

ಇಷ್ಟೆಲ್ಲವನ್ನೂ ‘ಸಕ್ಕರ್’ ಎಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟರೆ? ಎಡವಟ್ಟು ಶುರುವಾಗುವುದು ಅಲ್ಲಿಂದಲೇ.

ಹೆಸರಿಲ್ಲದ ಮೀನಿಗೆ ನಂಬರ್ ಬಂದ ಕಥೆ

1980ರ ದಶಕದಲ್ಲಿ ಬ್ರೆಜಿಲ್‌ನ ನದಿಗಳಿಂದ ಯುರೋಪಿಗೆ ಬಗೆಬಗೆಯ ಪ್ಲೆಕೊಗಳು ಬರತೊಡಗಿದವು. ಹಳದಿ ಅಂಚಿನವು, ಬಿಳಿ ಚುಕ್ಕಿಯವು, ಪಟ್ಟೆಯವು. ಅವುಗಳಲ್ಲಿ ಎಷ್ಟೋ ಮೀನುಗಳಿಗೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ. ಒಂದು ಜಾತಿಗೆ ಅಧಿಕೃತವಾಗಿ ಹೆಸರಿಡಬೇಕಾದರೆ ಅದನ್ನು ಅಳೆದು, ಹೋಲಿಸಿ, ಬರೆದು, ಪ್ರಕಟಿಸಬೇಕು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಅಂಗಡಿಗಳು ತೋಚಿದ ಹೆಸರಿಟ್ಟು ಮಾರುತ್ತಿದ್ದವು. ಒಂದೂರಲ್ಲಿ ಒಂದು ಹೆಸರು, ಪಕ್ಕದೂರಲ್ಲಿ ಮತ್ತೊಂದು.

ಇದಕ್ಕೆ ಸರಳ ಉಪಾಯ ಹುಡುಕಿದ್ದು ಜರ್ಮನಿಯ ‘ಡಾಟ್ಸ್’ ಎಂಬ ಅಕ್ವೇರಿಯಂ ಪತ್ರಿಕೆ. 1988ರಲ್ಲಿ ಅದು ಹೆಸರಿಲ್ಲದ ಪ್ರತಿ ಪ್ಲೆಕೊದ ಫೋಟೊ ಹಾಕಿ, ಯಾವ ನದಿಯಿಂದ ಬಂದದ್ದು ಎಂದು ತಿಳಿಸಿ, ಒಂದೊಂದು ನಂಬರ್ ಕೊಡಲು ಶುರುಮಾಡಿತು. ಎಲ್-1, ಎಲ್-2, ಎಲ್-3 ಹೀಗೆ. ‘ಎಲ್’ ಅಂದರೆ ಲೋರಿಕಾರಿಡೆಯ ಮೊದಲ ಅಕ್ಷರ. ಈಗ ಈ ಪಟ್ಟಿ 500ರ ಗಡಿ ದಾಟಿದೆ.

ಇದರಿಂದ ಆದ ಲಾಭ ದೊಡ್ಡದು. ಜರ್ಮನಿಯವನೊಬ್ಬ “ಎಲ್-46 ಮೊಟ್ಟೆ ಇಟ್ಟಿತು, ನೀರು ಇಷ್ಟು ಬೆಚ್ಚಗಿತ್ತು, ಊಟ ಇದು” ಎಂದು ಬರೆದರೆ, ಜಪಾನಿನವನಿಗೆ ಯಾವ ಮೀನಿನ ಮಾತು ಎಂದು ಕೂಡಲೇ ಗೊತ್ತಾಗುತ್ತದೆ. ಭಾಷೆ ಬೇರೆಯಾದರೂ ನಂಬರ್ ಒಂದೇ. ಮುಂದೆ 1993ರಲ್ಲಿ, ತಳದಲ್ಲಿ ಗುಂಪಾಗಿ ಓಡಾಡುವ ಕೋರಿಡೊರಾಸ್ ಎಂಬ ಪುಟ್ಟ ಕ್ಯಾಟ್‌ಫಿಶ್‌ಗಳಿಗೂ ‘ಸಿ’ ನಂಬರ್‌ಗಳು ಬಂದವು. ಅದನ್ನು ಶುರುಮಾಡಿದ ಜರ್ಮನಿಯ ಹವ್ಯಾಸಿ, ಲೇಖಕ ಹಾನ್ಸ್-ಗಿಯೋರ್ಗ್ ಎವರ್ಸ್ ಅವರ ಗೌರವಾರ್ಥ 2016ರಲ್ಲಿ ವಿಜ್ಞಾನಿಗಳು ಒಂದು ಮೀನಿಗೆ ‘ಕೋರಿಡೊರಾಸ್ ಎವರ್ಸಿ’ ಎಂದೇ ಹೆಸರಿಟ್ಟರು.

ನಂಬರ್ ಪದ್ಧತಿಯಲ್ಲಿ ಕೊರತೆಯೂ ಇದೆ. ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೆ ಒಂದೇ ಜಾತಿಗೆ ಎರಡು ನಂಬರ್ ಬಿದ್ದದ್ದುಂಟು. ಉದಾಹರಣೆಗೆ ಎಲ್-46, ಎಲ್-98 ಎರಡೂ ಒಂದೇ ಜಾತಿ. ಹಾಗಾಗಿ ಇದು ಹೆಸರಿಗೆ ಬದಲಿ ಅಲ್ಲ, ಹೆಸರು ಸಿಗುವವರೆಗಿನ ಟೋಕನ್ ಅಷ್ಟೇ.

ಹೆಸರು ಸಿಗುವುದು ಎಷ್ಟು ತಡವಾಗಬಹುದು ಎಂಬುದಕ್ಕೆ ಇನ್ನೊಂದು ಉದಾಹರಣೆ ನೋಡಿ. ಮೈ ಗಾಜಿನಂತೆ ಪಾರದರ್ಶಕವಾಗಿದ್ದು, ಒಳಗಿನ ಮೂಳೆಗಳೆಲ್ಲ ಕಾಣುವ ‘ಗ್ಲಾಸ್ ಕ್ಯಾಟ್‌ಫಿಶ್’ ಅನ್ನು ನೀವೂ ಅಂಗಡಿಯಲ್ಲಿ ನೋಡಿರಬಹುದು. ಥಾಯ್ಲೆಂಡಿನ ಈ ಮೀನು ದಶಕಗಳ ಕಾಲ ಜಗತ್ತಿನ ತುಂಬ ಮಾರಾಟವಾಯಿತು, ಆದರೆ ಬೇರೆ ಜಾತಿಗಳ ಹೆಸರಿನಲ್ಲಿ. ಅದರದ್ದೇ ಆದ ವೈಜ್ಞಾನಿಕ ಹೆಸರು, ಕ್ರಿಪ್ಟಾಪ್ಟೆರಸ್ ವಿಟ್ರಿಯೋಲಸ್, ಬಂದದ್ದು 2013ರಲ್ಲಿ!

ತೊಟ್ಟಿಯ ಮುಂದೆ ಕೂತವರು ಕಂಡದ್ದು

ನದಿಯ ತಳದಲ್ಲಿ ಬಂಡೆಯ ಸಂದಿಯೊಳಗೆ ಬದುಕುವ ಮೀನು ಮೊಟ್ಟೆ ಹೇಗಿಡುತ್ತದೆ ಎಂದು ನೋಡುವುದು ಕಷ್ಟ. ಮನೆಯ ತೊಟ್ಟಿಯಲ್ಲಾದರೆ ನೋಡಬಹುದು. ಅದಕ್ಕೇ ಕ್ಯಾಟ್‌ಫಿಶ್‌ಗಳ ಸಂಸಾರದ ಎಷ್ಟೋ ವಿವರಗಳು ಹವ್ಯಾಸಿಗಳ ನೋಟ್‌ಬುಕ್‌ಗಳಿಂದ ಬಂದಿವೆ. ಬ್ರಿಟನ್‌ನ ‘ಕ್ಯಾಟ್‌ಫಿಶ್ ಸ್ಟಡಿ ಗ್ರೂಪ್’ ನಂಥ ಹವ್ಯಾಸಿಗಳ ಸಂಘಗಳು ಇದಕ್ಕೆಂದೇ ಸಮ್ಮೇಳನ ನಡೆಸುತ್ತವೆ.

ಆಫ್ರಿಕಾದ ಟ್ಯಾಂಗನಿಕಾ ಸರೋವರದಲ್ಲಿ ಒಂದು ಚುಕ್ಕಿ ಕ್ಯಾಟ್‌ಫಿಶ್ ಇದೆ. ಅಲ್ಲಿನ ಸಿಕ್ಲಿಡ್ ಮೀನುಗಳಲ್ಲಿ ತಾಯಿ ತನ್ನ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಸಿಕ್ಲಿಡ್ ಮೊಟ್ಟೆ ಇಡುವ ಹೊತ್ತಿಗೆ ಈ ಕ್ಯಾಟ್‌ಫಿಶ್ ನುಗ್ಗಿ, ಅದರ ಮೊಟ್ಟೆ ಒಂದಿಷ್ಟು ನುಂಗಿ, ತನ್ನ ಮೊಟ್ಟೆ ಉದುರಿಸಿ ಹೋಗುತ್ತದೆ. ಪಾಪದ ತಾಯಿ ಎಲ್ಲವನ್ನೂ ಬಾಯಿಗೆ ತುಂಬಿಕೊಳ್ಳುತ್ತದೆ. ಕ್ಯಾಟ್‌ಫಿಶ್ ಮರಿ ಮೊದಲೇ ಒಡೆದು ಹೊರಬಂದು, ಸಾಕುತಾಯಿಯ ಬಾಯೊಳಗೇ ಅದರ ಮರಿಗಳನ್ನು ತಿಂದು ಬೆಳೆಯುತ್ತದೆ. ಕಾಗೆಯ ಗೂಡಿನಲ್ಲಿ ಕೋಗಿಲೆ ಮಾಡುವ ಕೆಲಸವನ್ನೇ ಇದು ನೀರೊಳಗೆ ಮಾಡುತ್ತದೆ. 1986ರಲ್ಲಿ ಜಪಾನಿನ ವಿಜ್ಞಾನಿಯೊಬ್ಬರು ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಇವತ್ತು ಎಷ್ಟೋ ಹವ್ಯಾಸಿಗಳ ಮನೆಯಲ್ಲೇ ಈ ನಾಟಕ ನಡೆಯುತ್ತದೆ.

ಕೋರಿಡೊರಾಸ್ ಮೀನು ಆಗಾಗ ಸರ‍್ರನೆ ಮೇಲೆ ಬಂದು ಗುಟುಕು ಗಾಳಿ ಕುಡಿದು ಮತ್ತೆ ತಳಕ್ಕಿಳಿಯುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಅದು ಸಾಯುತ್ತಿಲ್ಲ. ಕಿವಿರಿನ ಜೊತೆಗೆ ಕರುಳಿನಿಂದಲೂ ಗಾಳಿಯ ಆಮ್ಲಜನಕ ಹೀರಿಕೊಳ್ಳುವ ಶಕ್ತಿ ಅದಕ್ಕಿದೆ. ಆದರೆ ಮೇಲಿಂದ ಮೇಲೆ ಬರುತ್ತಿದ್ದರೆ ನೀರು ಕೆಟ್ಟಿದೆ ಎಂದರ್ಥ.

ಈಗ ನಮ್ಮ ‘ಟ್ಯಾಂಕ್ ಕ್ಲೀನರ್’ ವಿಷಯಕ್ಕೆ ಬರೋಣ. ಒಂದೊಂದೇ ಮಾತು ಪರೀಕ್ಷಿಸೋಣ.

ಮಾತು 1: ಸಕ್ಕರ್ ಮೀನು ಟ್ಯಾಂಕ್ ಕ್ಲೀನ್ ಮಾಡುತ್ತದೆ

ಅರ್ಧಕ್ಕಿಂತ ಕಡಿಮೆ ನಿಜ. ಮರಿಯಾಗಿದ್ದಾಗ ಅದು ಗಾಜಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಅಷ್ಟೇ. ಬೇರೆ ಮೀನುಗಳ ಮಲವನ್ನು ತಿಂದು ತೊಟ್ಟಿ ಸ್ವಚ್ಛ ಮಾಡುತ್ತದೆ ಎಂಬುದು ಸುಳ್ಳು. ಬದಲಿಗೆ ಅದೇ ದೊಡ್ಡ ಪ್ರಮಾಣದಲ್ಲಿ ಮಲ ಹಾಕುತ್ತದೆ. ಪ್ಲೆಕೊ ಸಾಕಿದವರನ್ನು ಕೇಳಿ, ದಾರದಂತೆ ಉದ್ದುದ್ದ ಕಸ ತೆಗೆದು ತೆಗೆದು ಸಾಕಾಗಿರುತ್ತದೆ.

ಮುಖ್ಯ ವಿಷಯ ಇನ್ನೊಂದಿದೆ. ಮೀನಿಗೆ ಅಪಾಯ ಕಣ್ಣಿಗೆ ಕಾಣುವ ಪಾಚಿಯಿಂದ ಅಲ್ಲ, ಕಣ್ಣಿಗೆ ಕಾಣದ ಅಮೋನಿಯಾದಿಂದ. ಮಲ ಮತ್ತು ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಫಿಲ್ಟರ್‌ನಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುತ್ತವೆ. ಆ ನೈಟ್ರೇಟ್ ಹೊರಹೋಗಬೇಕಾದರೆ ನೀರು ಬದಲಾಯಿಸಲೇಬೇಕು. ಯಾವ ಮೀನೂ ಈ ಕೆಲಸ ಮಾಡಲಾರದು. ನಿಜವಾದ ಟ್ಯಾಂಕ್ ಕ್ಲೀನರ್ ನೀವೇ!

ಮಾತು 2: ಅದಕ್ಕೆ ಬೇರೆ ಊಟ ಬೇಡ

ಸುಳ್ಳು. ಈ ಮಾತು ನಂಬಿದವರ ಮನೆಯಲ್ಲಿ ಮೀನು ನಿಧಾನವಾಗಿ ಹಸಿವಿನಿಂದ ಸಾಯುತ್ತದೆ. ಸಣ್ಣ ತೊಟ್ಟಿಯ ಪಾಚಿ ಕೆಲವೇ ದಿನಕ್ಕೆ ಮುಗಿಯುತ್ತದೆ. ಮೇಲೆ ಹಾಕುವ ಊಟವನ್ನು ಬೇರೆ ಮೀನುಗಳು ಖಾಲಿ ಮಾಡುತ್ತವೆ. ಮೈಮೇಲೆ ಕವಚ ಇರುವುದರಿಂದ ಮೀನು ಬಡಕಲಾದದ್ದು ನಮಗೆ ಗೊತ್ತೂ ಆಗುವುದಿಲ್ಲ. ಹೊಟ್ಟೆ ಒಳಗೆ ಹೋಗಿದೆಯೇ, ಕಣ್ಣು ಗುಳಿಬಿದ್ದಿದೆಯೇ ಎಂದು ನೋಡಬೇಕು.

ಎಲ್ಲ ಪ್ಲೆಕೊಗಳೂ ಪಾಚಿ ತಿನ್ನುವುದೂ ಇಲ್ಲ. ಬಿಳಿಮೈಗೆ ಕಪ್ಪು ಪಟ್ಟೆಯ, ಸುಮಾರು 8 ಸೆಂ.ಮೀ. ಉದ್ದದ ಜೀಬ್ರಾ ಪ್ಲೆಕೊ ಹೆಚ್ಚಾಗಿ ಮಾಂಸಾಹಾರಿ. ಅದಕ್ಕೆ ಪಾಚಿಯಲ್ಲಿ ಆಸಕ್ತಿಯೇ ಇಲ್ಲ. ಇನ್ನು ಕೆಲವು ಜಾತಿಗಳು ಹಗಲೂ ರಾತ್ರಿ ಮರ ಕೆರೆಯುತ್ತವೆ. ಅವು ಮರವನ್ನೇ ಜೀರ್ಣಿಸಿಕೊಳ್ಳುತ್ತವೆ ಎಂದು ಬಹಳ ಕಾಲ ನಂಬಲಾಗಿತ್ತು. ಆದರೆ ಅವುಗಳಿಗೆ ಪೋಷಣೆ ಸಿಗುವುದು ಹೆಚ್ಚಾಗಿ ಮರಕ್ಕೆ ಅಂಟಿದ ಸೂಕ್ಷ್ಮಜೀವಿ ಮತ್ತು ಕೊಳೆತ ಅಂಶದಿಂದ ಎಂದು ಸಂಶೋಧನೆ ತೋರಿಸಿದೆ.

ಮಾತು 3: ತೊಟ್ಟಿ ಚಿಕ್ಕದಾದರೆ ಮೀನೂ ಚಿಕ್ಕದಾಗಿಯೇ ಉಳಿಯುತ್ತದೆ

ಇದು ಬಹಳ ಜನ ನಂಬಿರುವ, ಬಹಳ ಮೀನುಗಳಿಗೆ ಕುತ್ತು ತಂದಿರುವ ಮಾತು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಸಕ್ಕರ್ ಟೆರಿಗೊಪ್ಲಿಕ್ತಿಸ್ ಎಂಬ ಗುಂಪಿನದು. ಅದು 40 ಸೆಂ.ಮೀ.ಗೂ ಹೆಚ್ಚು ಬೆಳೆಯುತ್ತದೆ, ಹತ್ತು ವರ್ಷ ಮೀರಿ ಬದುಕಬಲ್ಲದು. ಇಕ್ಕಟ್ಟಾದ, ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಹೊಂದಾಣಿಕೆ ಅಲ್ಲ, ಅನಾರೋಗ್ಯ.

ಮಾತು 4: ಸಾಕಲಾಗದಿದ್ದರೆ ಕೆರೆಗೆ ಬಿಟ್ಟರೆ ಪುಣ್ಯ

ಒಳ್ಳೆಯ ಮನಸ್ಸಿನಿಂದ ಮಾಡುವ ಕೆಲಸ. ಆದರೆ ಪರಿಣಾಮ ಕೆಟ್ಟದ್ದು. ಈ ಮೀನು ಆಮ್ಲಜನಕ ಕಡಿಮೆ ಇರುವ ಕೊಳಕು ನೀರಿನಲ್ಲೂ ಬದುಕುತ್ತದೆ. ಬೇಕಾದಾಗ ಗಾಳಿ ನುಂಗಿ ಜಠರದ ಮೂಲಕ ಉಸಿರಾಡುತ್ತದೆ. ನೀರಿನಿಂದ ಹೊರಗೂ ಹಲವು ಗಂಟೆ ಜೀವ ಹಿಡಿದಿರುತ್ತದೆ. ಮೈಮೇಲಿನ ಕವಚದಿಂದಾಗಿ ಇದನ್ನು ತಿನ್ನುವ ಪ್ರಾಣಿಗಳೂ ಕಡಿಮೆ. ಗಂಡು ಮೀನು ದಡದ ಮಣ್ಣಿನಲ್ಲಿ ಉದ್ದನೆಯ ಬಿಲ ತೋಡಿ ಮೊಟ್ಟೆ ಕಾಯುತ್ತದೆ. ಇಂಥ ಬಿಲಗಳು ಹೆಚ್ಚಾದರೆ ದಡ ಕುಸಿಯುತ್ತದೆ. ಮೀನುಗಾರರ ಬಲೆಗೆ ಸಿಕ್ಕಿದರೆ ಇದರ ಮುಳ್ಳಿನಿಂದ ಬಲೆ ಹರಿಯುತ್ತದೆ.

ಇದು ಊಹೆಯಲ್ಲ. ಮೆಕ್ಸಿಕೊದ ಇನ್‌ಫಿಯರ್ನಿಯೊ ಜಲಾಶಯದಲ್ಲಿ ಇವು ಹೆಚ್ಚಾಗಿ ಅಲ್ಲಿನ ಮೀನುಗಾರಿಕೆಗೇ ದೊಡ್ಡ ಪೆಟ್ಟು ಬಿತ್ತು. ನಮ್ಮ ದೇಶದಲ್ಲೂ ಕೇರಳ, ತಮಿಳುನಾಡು, ಆಂಧ್ರ, ಪಶ್ಚಿಮ ಬಂಗಾಳದ ನೀರಿನಲ್ಲಿ ಇವು ಸಿಕ್ಕಿವೆ. 2020ರಲ್ಲಿ ವಾರಾಣಸಿಯಲ್ಲಿ ಗಂಗಾ ನದಿಯಲ್ಲಿ ಸಿಕ್ಕಾಗ ದೊಡ್ಡ ಸುದ್ದಿಯಾಗಿತ್ತು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ನೀರಿನ ಮಾದರಿಯಲ್ಲಿರುವ ಡಿಎನ್ಎ ನೋಡಿಯೇ ಈ ಮೀನು ಅಲ್ಲಿದೆಯೇ ಎಂದು ಪತ್ತೆ ಹಚ್ಚುವ ವಿಧಾನವನ್ನು ರೂಪಿಸಿದ್ದಾರೆ. ಸಮಸ್ಯೆ ಅಷ್ಟು ಬೆಳೆದಿದೆ ಎಂದರ್ಥ.

ಮಾತು 5: ಇದು ವಿಷದ ಮೀನು, ರಾಕ್ಷಸ ಮೀನು

ಸುಳ್ಳು. ಮುಳ್ಳು ಗಟ್ಟಿಯಿದ್ದು ಕೈಗೆ ಗಾಯ ಮಾಡಬಹುದು, ಹಿಡಿಯುವಾಗ ಎಚ್ಚರ ಬೇಕು. ಆದರೆ ಮಾಂಸ ವಿಷವಲ್ಲ. ಇದರ ತವರಾದ ಅಮೆಜಾನ್ ಪ್ರದೇಶದಲ್ಲಿ ಜನ ಇದನ್ನು ಸುಟ್ಟು, ಸಾರು ಮಾಡಿ ತಿನ್ನುತ್ತಾರೆ. ಹಾಗಂತ ಚರಂಡಿ ನೀರು ಸೇರುವ ಕೆರೆಯಲ್ಲಿ ಸಿಕ್ಕ ಮೀನನ್ನು ತಿನ್ನಬೇಡಿ. ಕಲುಷಿತ ನೀರಿನ ಯಾವ ಮೀನಿನಲ್ಲಾದರೂ ಸೀಸದಂಥ ಭಾರಲೋಹ ಸೇರಿರಬಹುದು.

ಇಲ್ಲೊಂದು ಗೊಂದಲವೂ ಇದೆ. ಭಾರತದಲ್ಲಿ ಸಾಕಣೆಗೆ ನಿಷೇಧ ಇರುವುದು ಆಫ್ರಿಕನ್ ಕ್ಯಾಟ್‌ಫಿಶ್‌ಗೆ. ಅದು ಬೇರೆಯೇ ಮೀನು, ಕವಚವಿಲ್ಲದ ನುಣುಪು ಮೈಯದು. ಫಾರ್ವರ್ಡ್‌ಗಳಲ್ಲಿ ಒಂದರ ಫೋಟೊ, ಇನ್ನೊಂದರ ಸುದ್ದಿ ಸೇರಿಕೊಂಡಿರುತ್ತವೆ.

ಹವ್ಯಾಸಿಗಳದ್ದೂ ತಪ್ಪಿಲ್ಲವೇ?

ಇದೆ. ಮೇಲೆ ಹೇಳಿದ ಜೀಬ್ರಾ ಪ್ಲೆಕೊ, ಅಂದರೆ ಎಲ್-46, ಅದರ ಕಥೆ ಕೇಳಿ. ಜಗತ್ತಿನಲ್ಲಿ ಅದು ಸಹಜವಾಗಿ ಇರುವುದು ಬ್ರೆಜಿಲ್‌ನ ಕ್ಸಿಂಗು ನದಿಯ ‘ವೋಲ್ಟಾ ಗ್ರಾಂಡೆ’ ಎಂಬ ದೊಡ್ಡ ತಿರುವಿನ ಆಸುಪಾಸಿನಲ್ಲಿ ಮಾತ್ರ. ವಿಜ್ಞಾನದ ಹೆಸರು ಸಿಕ್ಕಿದ್ದು 1991ರಲ್ಲಿ. ಚೆಲುವೇ ಅದಕ್ಕೆ ಮುಳುವಾಯಿತು. ಬೇಡಿಕೆ ಏರಿತು, ವಿಪರೀತ ಹಿಡಿದರು. 2004ರಲ್ಲಿ ಬ್ರೆಜಿಲ್ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿ ಹಿಡಿಯುವುದನ್ನು ನಿಷೇಧಿಸಿದ ಮೇಲೂ ಕಳ್ಳಸಾಗಣೆ ನಿಲ್ಲಲಿಲ್ಲ. ಕೊಳ್ಳುವ ಹವ್ಯಾಸಿಗಳಿದ್ದರು, ಅದಕ್ಕೇ ಕದಿಯುವವರೂ ಇದ್ದರು.

ಆಮೇಲೆ ಅದೇ ನದಿಗೆ ಬೆಲೊ ಮೊಂಟೆ ಎಂಬ ಬೃಹತ್ ಅಣೆಕಟ್ಟು ಬಂತು. 2016ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಸಾಮರ್ಥ್ಯ 11,000 ಮೆಗಾವಾಟ್‌ಗೂ ಹೆಚ್ಚು. ನದಿಯ ನೀರಿನ ಬಹುಪಾಲನ್ನು ತಿರುವಿನಿಂದ ಆಚೆಗೆ ಕಾಲುವೆಯಲ್ಲಿ ಹರಿಸಲಾಗುತ್ತದೆ. ಬಿಸಿ ನೀರು, ರಭಸದ ಹರಿವು, ಬಂಡೆಯ ಸಂದಿ, ಇವಿಷ್ಟೂ ಬೇಕಾದ ಮೀನಿಗೆ ಹರಿವೇ ಕಡಿಮೆಯಾದರೆ ಗತಿಯೇನು?

ಈ ನಡುವೆ ಹವ್ಯಾಸಿಗಳು ಒಳ್ಳೆಯ ಕೆಲಸವನ್ನೂ ಮಾಡಿದರು. ತೊಟ್ಟಿಯಲ್ಲಿ ಮಣ್ಣು-ಕಲ್ಲಿನ ಪುಟ್ಟ ಗುಹೆ ಇಟ್ಟು, ನೀರು ಬೆಚ್ಚಗಿಟ್ಟು, ಜೀಬ್ರಾ ಮರಿ ಮಾಡಿಸುವುದನ್ನು ಕಲಿತರು. ಹೆಣ್ಣು ಒಂದು ಸಲಕ್ಕೆ ಇಡುವುದು ಹತ್ತಿಪ್ಪತ್ತು ಮೊಟ್ಟೆ ಅಷ್ಟೇ. ಗಂಡು ಗುಹೆಯಲ್ಲಿ ಕೂತು ಕಾಯುತ್ತದೆ. ಕಲಿತದ್ದನ್ನು ಮುಚ್ಚಿಡದೆ ಹಂಚಿಕೊಂಡರು. 2022ರಲ್ಲಿ ಈ ಮೀನಿನ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿ ಬಿಗಿಗೊಳಿಸಲಾಯಿತು. ತೊಟ್ಟಿಯಲ್ಲಿ ಹುಟ್ಟಿದ ಮರಿ ನದಿಯ ಮೀನಿಗೆ ಬದಲಿಯಲ್ಲ. ಆದರೆ ತೊಟ್ಟಿಯ ಮರಿ ಕೊಂಡರೆ ನದಿಯಿಂದ ಕದಿಯುವುದು ಕಡಿಮೆಯಾಗುತ್ತದೆ.

ನೀವು ಮಾಡಬಹುದಾದ್ದು

ಕೊಳ್ಳುವ ಮುನ್ನ: “ಇದರ ಹೆಸರೇನು? ಎಷ್ಟು ದೊಡ್ಡದಾಗುತ್ತದೆ?” ಎಂದು ಎರಡು ಪ್ರಶ್ನೆ ಕೇಳಿ. ‘ಸಕ್ಕರ್’ ಎಂಬ ಉತ್ತರ ಸಾಲದು. ಹೆಸರೋ ನಂಬರೋ ಸಿಕ್ಕರೆ ಫೋನಿನಲ್ಲೇ ಹುಡುಕಿ ನೋಡಿ. ಪಾಚಿ ತಿನ್ನುವ ಮೀನೇ ಬೇಕೆಂದರೆ ಸುಮಾರು 15 ಸೆಂ.ಮೀ. ಒಳಗೆ ನಿಲ್ಲುವ ಬ್ರಿಸಲ್‌ನೋಸ್ ಪ್ಲೆಕೊ ಇದೆ. 5 ಸೆಂ.ಮೀ. ಒಳಗಿನ ಓಟೊಸಿಂಕ್ಲಸ್ ಕೂಡ ಇದೆ, ಆದರೆ ಅದಕ್ಕೆ ಜೊತೆಗಾರರೂ, ಹಳೆಯದಾಗಿ ಹದಗೊಂಡ ತೊಟ್ಟಿಯೂ ಬೇಕು.

ಈಗಾಗಲೇ ಮನೆಯಲ್ಲಿದ್ದರೆ: ಲೈಟ್ ಆರಿಸಿದ ಮೇಲೆ ತಳಕ್ಕೆ ಮುಳುಗುವ ಆಹಾರ ಹಾಕಿ. ಸೌತೆಕಾಯಿ ಹೋಳು, ಅರೆಬೇಯಿಸಿದ ಪಾಲಕ್ ಕೂಡ ಕೊಡಬಹುದು, ಉಳಿದದ್ದನ್ನು ಬೆಳಗ್ಗೆ ತೆಗೆಯಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಆಂಟಿ-ಕ್ಲೋರಿನ್ ಹನಿ ಹಾಕಿಯೇ ಬಳಸಿ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಸಾಕಲು ಆಗುತ್ತಿಲ್ಲವೆಂದರೆ: ಕೊಂಡ ಅಂಗಡಿಗೆ ಮರಳಿಸಿ, ಅಥವಾ ದೊಡ್ಡ ತೊಟ್ಟಿ ಇರುವ ಹವ್ಯಾಸಿಗೆ ಕೊಡಿ. ಕೆರೆ, ಬಾವಿ, ಕಾಲುವೆ, ದೇವಸ್ಥಾನದ ಕಲ್ಯಾಣಿ, ಎಲ್ಲಿಗೂ ಬಿಡಬೇಡಿ.

ಕೊನೆಯದಾಗಿ

ಒಂದೇ ಮೀನಿಗೆ ನಾವು ಅಂಗಡಿಯಲ್ಲಿ ‘ಕ್ಲೀನರ್’ ಎಂದೆವು, ಕೆರೆಯಲ್ಲಿ ‘ರಾಕ್ಷಸ’ ಎಂದೆವು. ಎರಡೂ ಅದರ ಹೆಸರಲ್ಲ. ಕ್ಯಾಟ್‌ಫಿಶ್ ಹವ್ಯಾಸಿಗಳು ಮಾಡಿದ್ದು ಸಣ್ಣ ಕೆಲಸ: ಗೊತ್ತಿಲ್ಲದ ಮೀನಿಗೆ ಸುಳ್ಳು ಹೆಸರಿಡುವ ಬದಲು ಒಂದು ನಂಬರ್ ಕೊಟ್ಟು, ಕಾದು, ನೋಡಿ, ಕಂಡದ್ದನ್ನಷ್ಟೇ ಬರೆದಿಟ್ಟರು. ಫಾರ್ವರ್ಡ್ ಬಂದಾಗ ನಾವೂ ಹಾಗೇ ಮಾಡಬಹುದಲ್ಲವೇ? ಮುಂದಿನ ಸಲ ‘ರಾಕ್ಷಸ ಮೀನಿನ’ ಫೋಟೊ ನಿಮ್ಮ ಗ್ರೂಪಿಗೆ ಬಂದರೆ, ಎಲ್ಲರಿಗೂ ಕಳಿಸುವ ಮುನ್ನ ಒಂದು ಸಾಲು ಸೇರಿಸಿ: “ಇದು ವಿಷದ ಮೀನಲ್ಲ. ಯಾರದೋ ಮನೆಯ ಅಕ್ವೇರಿಯಂನಿಂದ ಬಂದದ್ದು. ನಿಮ್ಮ ಮನೆಯದನ್ನು ಕೆರೆಗೆ ಬಿಡಬೇಡಿ.”